ದಪ್ಪ ಪೊಟ್ಯಾಸಿಯಂ ಹೋಗುತ್ತದೆ, ಚಿಕ್ಕ ಸೋಡಿಯಂ ಯಾಕೆ ಹೋಗಲ್ಲ?

ಮೆಣಸಿನಬಳ್ಳಿ, ಸೋಮವಾರಪೇಟೆ

ಮಗಳು ಸೆಕೆಂಡ್ ಪಿಯುಸಿ, ರಜೆಗೆ ಬಂದಿದ್ದಾಳೆ. ನಿನ್ನೆ ಕಣದಲ್ಲಿ ನಾನು ಕರಿಮೆಣಸು ಜರಡಿ ಹಿಡಿಯುತ್ತಿದ್ದೆ. ಹುಡಿ, ಸಣ್ಣ ಕಾಳು ಕೆಳಗೆ ಬೀಳುತ್ತಿತ್ತು, ದಪ್ಪದ್ದು ಮೇಲೆ ಉಳಿಯುತ್ತಿತ್ತು. ಅದನ್ನೇ ನೋಡುತ್ತಾ ಕೂತಿದ್ದವಳು ಒಂದು ಪ್ರಶ್ನೆ ಕೇಳಿದಳು. ಜೀವಕೋಶದ ಪೊರೆಯಲ್ಲಿ ಪೊಟ್ಯಾಸಿಯಂ ಚಾನೆಲ್ ಅಂತ ಪ್ರೋಟೀನ್ ಇದೆಯಂತೆ. ಪೊಟ್ಯಾಸಿಯಂ ಅಯಾನನ್ನು, ಅಂದರೆ ವಿದ್ಯುದಾವೇಶ ಇರುವ ಪರಮಾಣುವನ್ನು, ಬಿಡುತ್ತದೆ, ಸೋಡಿಯಂ ಬಂದರೆ ತಡೆಯುತ್ತದೆ. ಆದರೆ ಸೋಡಿಯಂ ತ್ರಿಜ್ಯ 0.95 ಆಂಗ್‌ಸ್ಟ್ರಾಮ್, ಪೊಟ್ಯಾಸಿಯಂದು 1.33 (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯಲ್ಲಿ ಒಂದು ಪಾಲು). "ಅಪ್ಪ, ದಪ್ಪ ಕಾಳು ಬಿದ್ದು ಸಣ್ಣದು ಮೇಲೆ ನಿಲ್ತದೆ ಅಂದ್ರೆ ಅದು ಎಂಥ ಜರಡಿ?" ಅಂದಳು. ನನಗೆ ಗೊತ್ತಾಗಲಿಲ್ಲ. ಯಾರಾದರೂ ಬಿಡಿಸಿ ಹೇಳ್ತೀರಾ?

ಹಳೇ ಮೇಷ್ಟ್ರು, ವಿರಾಜಪೇಟೆ

ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಮೂವತ್ತು ವರ್ಷ ಕೆಮಿಸ್ಟ್ರಿ ಪಾಠ ಮಾಡಿದೆ, ಇದನ್ನು ಕೇಳಿದ ಮಕ್ಕಳು ಇಬ್ಬರೋ ಮೂವರೋ.

ಜರಡಿಯನ್ನು ಸ್ವಲ್ಪ ಪಕ್ಕಕ್ಕಿಡಿ. ನೀರಿನಲ್ಲಿರುವ ಅಯಾನು ಬರಿಮೈಯಲ್ಲಿ ಇರುವುದಿಲ್ಲ. ನೀರಿನ ಅಣುಗಳು ತಮ್ಮ ಆಕ್ಸಿಜನ್ ಬದಿಯನ್ನು ಒಳಕ್ಕೆ ಮಾಡಿ ಸುತ್ತಲೂ ಅಂಟಿಕೊಂಡಿರುತ್ತವೆ. ಜುಲೈ ಮಳೆಗೆ ಕಂಬಳಿ ಕೊಪ್ಪೆ ಹಾಕಿಕೊಳ್ಳುತ್ತಿದ್ದೆವಲ್ಲ, ಹಾಗೆ. ಚಾನೆಲ್‌ನಲ್ಲಿ ತೀರಾ ಇಕ್ಕಟ್ಟಿನ ಜಾಗ ಒಂದಿದೆ, ಸುಮಾರು 12 ಆಂಗ್‌ಸ್ಟ್ರಾಮ್ ಉದ್ದ. ಕೊಪ್ಪೆ ತೆಗೆಯದೆ ಅಲ್ಲಿ ನುಗ್ಗೋದಕ್ಕೆ ಆಗಲ್ಲ. ಸುಮ್ನೆ ಯಾರು ತೆಗೀತಾರೆ? ಒಳಗೆ ಒಲೆ ಉರಿಯುತ್ತಿದ್ದರೆ ತೆಗೀತಾರೆ.

ಇಲ್ಲಿ ಒಲೆ ಅಂದರೆ ಗೋಡೆಯ ಆಕ್ಸಿಜನ್‌ಗಳು. ಪ್ರೋಟೀನಿನ ನಾಲ್ಕು ತುಂಡುಗಳು ಸುತ್ತ ನಿಂತು ತಮ್ಮ ಆಕ್ಸಿಜನ್‌ಗಳನ್ನು ದಾರಿಯ ಕಡೆಗೆ ಚಾಚಿವೆ. ಪೊಟ್ಯಾಸಿಯಂ ನಿಲ್ಲುವ ಪ್ರತಿ ತಾಣದಲ್ಲೂ ಮೇಲೆ 4, ಕೆಳಗೆ 4, ಒಟ್ಟು 8. ನೀರು ಕೊಡುತ್ತಿದ್ದ ಆಸರೆಯೇ ಇಲ್ಲೂ ಸಿಗುತ್ತದೆ. ಪೊಟ್ಯಾಸಿಯಂಗೆ ನಷ್ಟವೇನೂ ಇಲ್ಲ. ಸೋಡಿಯಂ ಚಿಕ್ಕದು, ಅದಕ್ಕೇ ನೀರನ್ನು ಇನ್ನೂ ಬಿಗಿಯಾಗಿ ಹಿಡಿದಿರುತ್ತದೆ. ಅದನ್ನು ಬಿಟ್ಟು ಒಳಗೆ ಬಂದರೆ ಗೋಡೆಯ ಆಕ್ಸಿಜನ್‌ಗಳು ಅದಕ್ಕೆ ದೂರ. ಬಿಟ್ಟದ್ದು ಜಾಸ್ತಿ, ಸಿಕ್ಕಿದ್ದು ಕಡಿಮೆ. ಅದಕ್ಕೇ ಹೊರಗೇ ಉಳಿಯುತ್ತದೆ.

ಇದನ್ನು 1998ರಲ್ಲಿ ರೋಡರಿಕ್ ಮೆಕಿನನ್ ಅವರ ತಂಡ ಎಕ್ಸ್-ರೇಯಿಂದ ತೋರಿಸಿತು. 2003ರಲ್ಲಿ ಅವರಿಗೆ ಕೆಮಿಸ್ಟ್ರಿ ನೊಬೆಲ್ ಬಂತು. ಅವರು ಆ ಚಾನೆಲ್ ತೆಗೆದುಕೊಂಡದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ. ಹೂಮಳೆ ಬಿದ್ದಾಗ ತೋಟದಲ್ಲಿ ಮಣ್ಣು ಘಮ್ ಅನ್ನುತ್ತದಲ್ಲ, ಆ ವಾಸನೆ ಕೊಡುವುದರಲ್ಲಿ ಇದೇ ಜಾತಿಯವು ಮುಖ್ಯ. ಮಗಳಿಗೆ ಇದನ್ನೂ ಹೇಳಿ.

ಗೋಣಿಕೊಪ್ಪದ ಹುಡುಗಿ, ಈಗ ಬೆಂಗಳೂರಲ್ಲಿ ಪಿಎಚ್‌ಡಿ

ಮೇಷ್ಟ್ರೇ, ಒಂದು ಮಾತು ಸೇರಿಸ್ತೀನಿ. ಎರಡು ಅಯಾನುಗಳ ತ್ರಿಜ್ಯದ ವ್ಯತ್ಯಾಸ ಬರೀ 0.38 ಆಂಗ್‌ಸ್ಟ್ರಾಮ್. ಪ್ರೋಟೀನ್ ಅದಕ್ಕಿಂತ ಜಾಸ್ತಿಯೇ ಅಲುಗಾಡುತ್ತಿರುತ್ತದೆ. ಹಾಗಾಗಿ ಗೋಡೆ ಅಳತೆಗೆ ಕೆತ್ತಿದ ಕಲ್ಲಿನ ಹಾಗೆ ನಿಂತಿದೆ ಅಂತ ಮಗಳಿಗೆ ಅನಿಸಬಾರದು. ಆಕ್ಸಿಜನ್‌ಗಳು ಒಂದನ್ನೊಂದು ದೂರ ತಳ್ಳುತ್ತವೆ, ಸೋಡಿಯಂ ಸುತ್ತ ಒತ್ತಾಗಿ ಸೇರೋದಕ್ಕೆ ಅದೂ ಬಿಡಲ್ಲ.

ತಾಣಗಳ ಲೆಕ್ಕವೂ ಮುಖ್ಯ. ಪೊಟ್ಯಾಸಿಯಂ ಚಾನೆಲ್‌ನಲ್ಲಿ ಸಾಲಾಗಿ 4 ತಾಣ ಇವೆ. ಇದರದೇ ಹತ್ತಿರದ ಸಂಬಂಧಿ ಇನ್ನೊಂದು ಚಾನೆಲ್ ಇದೆ, ಅದರಲ್ಲಿ 2 ಮಾತ್ರ. ಅದು ಸೋಡಿಯಂ, ಪೊಟ್ಯಾಸಿಯಂ ಎರಡನ್ನೂ ಬಿಡುತ್ತದೆ. ಅದನ್ನು ಲ್ಯಾಬಲ್ಲಿ ತಿದ್ದಿ 4 ತಾಣ ಮಾಡಿದಾಗ ಪೊಟ್ಯಾಸಿಯಂ ಅನ್ನೇ ಆರಿಸತೊಡಗಿತು! ಸಾಲಿನಲ್ಲಿ ಒಂದಕ್ಕಿಂತ ಹೆಚ್ಚು ಪೊಟ್ಯಾಸಿಯಂ ಇರೋದರಿಂದ ಹಿಂದಿನದು ಮುಂದಿನದನ್ನು ದೂಡುತ್ತದೆ. ಅದಕ್ಕೇ ಇಷ್ಟು ಆರಿಸಿಯೂ ಸೆಕೆಂಡಿಗೆ 10 ಕೋಟಿಯ ಹತ್ತಿರ ಅಯಾನುಗಳು ದಾಟಬಲ್ಲವು.

ಮೆಣಸಿನಬಳ್ಳಿ, ಸೋಮವಾರಪೇಟೆ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಕೊಪ್ಪೆಯ ವಿಷಯ ಅವಳಿಗೆ ತಟ್ಟನೆ ಹಿಡಿಸಿತು. ಅವಳ ಅಜ್ಜನ ಕೊಪ್ಪೆ ಇನ್ನೂ ಕೊಟ್ಟಿಗೆಯ ಗೂಟದಲ್ಲಿ ನೇತಾಡುತ್ತಿದೆ. ಈಗ ಮುಂದಿನ ಪ್ರಶ್ನೆ: ಹಾಗಿದ್ರೆ ಸೋಡಿಯಂ ಚಾನೆಲ್ ಪೊಟ್ಯಾಸಿಯಂ ಅನ್ನು ಹೇಗೆ ತಡೆಯುತ್ತದೆ?

ಹಳೇ ಮೇಷ್ಟ್ರು, ವಿರಾಜಪೇಟೆ

ಈಗ ನಿಮ್ಮ ಜರಡಿ ವಾಪಸ್ ತನ್ನಿ. ಸೋಡಿಯಂ ಚಾನೆಲ್‌ನ ಇಕ್ಕಟ್ಟು ಜಾಗ ಇದಕ್ಕಿಂತ ಅಗಲ. ಸೋಡಿಯಂ ಸ್ವಲ್ಪ ನೀರು ಹೊತ್ತುಕೊಂಡೇ ದಾಟುತ್ತದೆ. ಪೊಟ್ಯಾಸಿಯಂ ದಪ್ಪ, ನೀರಿನ ಜೊತೆ ಅಲ್ಲಿ ಕಷ್ಟ. ಆದರೂ ಕೆಲವು ನುಸುಳುತ್ತವೆ. ಕಪ್ಪೆಯ ನರದಲ್ಲಿ ಬರ್ಟಿಲ್ ಹಿಲ್ ಎಂಬ ವಿಜ್ಞಾನಿ ಅಳೆದಾಗ ಸೋಡಿಯಂಗೆ ಹೋಲಿಸಿದರೆ ಪೊಟ್ಯಾಸಿಯಂ ದಾಟುವುದು ಸುಮಾರು 12ರಲ್ಲಿ 1 ಪಾಲು ಇತ್ತು.