ರೆಸಾರ್ಟ್‌ನ ವೈನ್ ಪಟ್ಟಿ ಚೆನ್ನಾಗಿದೆಯೇ ಎಂದು ತಿಳಿಯುವುದು ಹೇಗೆ?

ಪ್ರಶ್ನೆ: ಡಿಸೆಂಬರ್‌ನಲ್ಲಿ ಅಪ್ಪ ಅಮ್ಮನ ಮದುವೆಯ ನಲವತ್ತನೇ ವಾರ್ಷಿಕೋತ್ಸವಕ್ಕೆ ಕೊಡಗಿನ ರೆಸಾರ್ಟ್ ಒಂದರಲ್ಲಿ ಊಟ ಇಟ್ಟುಕೊಂಡಿದ್ದೇವೆ. ಪಂದಿ ಕರಿ, ಕಡಂಬುಟ್ಟು, ಕೋಳಿ ಸಾರು ಇರುತ್ತವೆ. ಅವರು ನಾಲ್ಕು ಪುಟದ ವೈನ್ ಪಟ್ಟಿ ಕಳುಹಿಸಿದ್ದಾರೆ. ಫ್ರಾನ್ಸ್, ಚಿಲಿ, ಆಸ್ಟ್ರೇಲಿಯಾ ಎಲ್ಲ ಇವೆ, ಬೆಲೆ ನೋಡಿದರೆ ಎದೆ ಝಲ್ಲೆನ್ನುತ್ತದೆ. ಪಟ್ಟಿಯ ಯೋಗ್ಯತೆಯನ್ನು ಅಳೆಯುವುದು ಹೇಗೆ? ಅನುಭವವಿದ್ದವರು ತಿಳಿಸಿ.

ಮೈಸೂರಿನಿಂದ: ಹೋಟೆಲ್‌ಗಳ ಊಟದ ವಿಭಾಗದಲ್ಲಿ ಬಹುಕಾಲ ದುಡಿದಿದ್ದೇನೆ. ನಾಲ್ಕು ಪುಟ ಎಂದ ಕೂಡಲೇ ನನಗೆ ಅನುಮಾನ. ಬೆಟ್ಟದ ಮೇಲಿನ ರೆಸಾರ್ಟ್‌ನಲ್ಲಿ ವೈನ್ ಕೇಳುವವರು ಕಡಿಮೆ. ಪಟ್ಟಿ ಉದ್ದವಾದಷ್ಟೂ ಬಾಟಲಿಗಳು ಉಗ್ರಾಣದಲ್ಲಿ ಕೂರುವ ಕಾಲವೂ ಉದ್ದವಾಗುತ್ತದೆ. ಹತ್ತೇ ಬಾಟಲಿಗಳ, ಆದರೆ ಬೇಗ ಖರ್ಚಾಗುವ ಪಟ್ಟಿ ಅದಕ್ಕಿಂತ ಎಷ್ಟೋ ಮೇಲು.

ಬೆಲೆಗಿಂತ ಮೊದಲು ಇಸವಿ ನೋಡಿ. ದ್ರಾಕ್ಷಿ ಕೊಯ್ದ ವರ್ಷ, ತಯಾರಕರ ಹೆಸರು, ಊರು ಈ ಮೂರೂ ನಮೂದಾಗಿದ್ದರೆ ಅಲ್ಲಿ ಯಾರೋ ಕಾಳಜಿಯಿಂದ ಪಟ್ಟಿ ಬರೆದಿದ್ದಾರೆ ಎಂದರ್ಥ. ಬರೀ ‘ಸೊವಿನ್ಯೋ ಬ್ಲಾಂ, ಭಾರತ’ ಎಂದು ಬಿಳಿ ದ್ರಾಕ್ಷಿ ತಳಿಯ ಹೆಸರು, ದೇಶ ಅಷ್ಟೇ ಇದ್ದರೆ ಫೋನ್ ಮಾಡಿ ವರ್ಷ ಕೇಳಿ. ನಮ್ಮಲ್ಲಿ ಕೊಯ್ಲು ಸಾಮಾನ್ಯವಾಗಿ ಜನವರಿಯಿಂದ ಮಾರ್ಚ್‌ವರೆಗೆ. ಇಲ್ಲಿನ ಬಿಳಿ ವೈನ್‌ಗಳಲ್ಲಿ ಹೆಚ್ಚಿನವು ಎರಡು ಮೂರು ವರ್ಷದೊಳಗೆ ಕುಡಿಯಬೇಕಾದವು. ಐದು ವರ್ಷ ಹಳೆಯ ಅಗ್ಗದ ಬಿಳಿ ವೈನ್ ‘ಹಳೆಯದಾದಷ್ಟೂ ಚೆನ್ನ’ ಎಂಬ ಮಾತಿಗೆ ಸೇರುವುದಿಲ್ಲ.

ಬಾಟಲಿ ಮೇಜಿಗೆ ಬಂದಾಗ ಅವಸರ ಮಾಡಬೇಡಿ. ಕೈಗೆ ತೆಗೆದುಕೊಂಡು ಕತ್ತಿನ ಹತ್ತಿರ ನೋಡಿ. ಬಿರಡೆ ಮೇಲಕ್ಕೆ ಉಬ್ಬಿದ್ದರೆ, ಹೊದಿಕೆಯ ಅಂಚಿನಲ್ಲಿ ಅಂಟಂಟಾದ ಕಂದು ಕಲೆ ಇದ್ದರೆ, ಆ ಬಾಟಲಿ ಎಲ್ಲೋ ಸೆಕೆಯಲ್ಲಿ ಬೆಂದಿದೆ. ಬಿಳಿ ವೈನ್ ತಿಳಿ ಹುಲ್ಲಿನ ಬಣ್ಣದಲ್ಲಿರಬೇಕು. ಕಂದು ಛಾಯೆ ಬಂದು, ಕತ್ತರಿಸಿಟ್ಟು ಮರೆತ ಸೇಬಿನ ವಾಸನೆ ಹೊಡೆದರೆ ಗಾಳಿ ಸೇರಿದೆ, ಸಂಕೋಚವಿಲ್ಲದೆ ಹಿಂದಿರುಗಿಸಿ. ರುಚಿ ನೋಡಲು ಮೊದಲು ಒಂದು ಗುಟುಕು ಸುರಿಯುವುದೇ ಇದಕ್ಕಾಗಿ. ಲೋಟದ ಲೆಕ್ಕದಲ್ಲಿ ಕೊಳ್ಳುವುದಾದರೆ ಬಾಟಲಿ ಯಾವಾಗ ತೆರೆದದ್ದು ಎಂದು ಕೇಳಲೇಬೇಕು. ತೆರೆದ ದಿನವನ್ನು ಬಾಟಲಿಯ ಮೇಲೆ ಬರೆದಿಡುವ ಕಡೆ ನಾನು ಕಣ್ಣು ಮುಚ್ಚಿ ನಂಬುತ್ತೇನೆ.

ಕೆಂಪು ವೈನನ್ನು ‘ಕೋಣೆಯ ಉಷ್ಣತೆಯಲ್ಲಿ’ ಕೊಡಬೇಕು ಎನ್ನುವುದು ಯುರೋಪಿನ ಹಳೆಯ ಚಳಿ ಮನೆಗಳ ಲೆಕ್ಕ, ಅಂದರೆ ಸುಮಾರು 16ರಿಂದ 18 ಡಿಗ್ರಿ. ಕೊಡಗಿನ ಡಿಸೆಂಬರ್ ರಾತ್ರಿಯಾದರೂ ಅಡುಗೆಮನೆಯ ಪಕ್ಕದಲ್ಲಿಟ್ಟ ಬಾಟಲಿ ಅಷ್ಟು ತಣ್ಣಗಿರುವುದಿಲ್ಲ. ಹದಿನೈದು ನಿಮಿಷ ಐಸ್ ನೀರಿನಲ್ಲಿಡಲು ಹೇಳಿ.

ಇನ್ನು ಬೆಲೆ. ಆಮದು ವೈನಿನ ಮೇಲೆ ಶೇ 150ರಷ್ಟು ಸುಂಕ ಬಹುಕಾಲ ಇತ್ತು. 2022ರ ಕೊನೆಯಲ್ಲಿ ಜಾರಿಗೆ ಬಂದ ಭಾರತ-ಆಸ್ಟ್ರೇಲಿಯಾ ವ್ಯಾಪಾರ ಒಪ್ಪಂದದಿಂದ ಆಸ್ಟ್ರೇಲಿಯಾದ ಮೇಲುದರದ ವೈನ್‌ಗಳಿಗೆ ಅದು ಇಳಿಯಿತು, ತೀರಾ ಅಗ್ಗದವಕ್ಕೆ ಇಳಿಯಲಿಲ್ಲ. ಹಾಗಾಗಿ ಆಮದು ಬಾಟಲಿಗೆ ತೆರುವ ಹಣದಲ್ಲಿ ದೊಡ್ಡ ಪಾಲು ಸುಂಕ, ಸಾಗಣೆಗೆ ಹೋಗುತ್ತದೆ. ಅದೇ ಬೆಲೆಗೆ ನಂದಿ ಬೆಟ್ಟದ ಸೀಮೆಯ ತಯಾರಕರಾದ ಗ್ರೋವರ್ ಝಂಪಾದ ‘ಲಾ ರಿಸರ್ವ್’ ಅಥವಾ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನ ಫ್ರಾಟೆಲ್ಲಿಯವರ ವೈನ್ ಸಿಕ್ಕರೆ ನಾನು ಅವನ್ನೇ ಆರಿಸುತ್ತೇನೆ. ಕರ್ನಾಟಕದ ರೆಸಾರ್ಟ್‌ನ ಪಟ್ಟಿಯಲ್ಲಿ ಕರ್ನಾಟಕದ ಒಂದು ವೈನೂ ಇಲ್ಲದಿದ್ದರೆ ನನಗೆ ನಿಜಕ್ಕೂ ಬೇಸರವಾಗುತ್ತದೆ.

ಮಡಿಕೇರಿಯಿಂದ: ಮೇಲಿನವರು ಊಟದ ವಿಷಯ ಬಿಟ್ಟಿದ್ದಾರೆ. ಪಂದಿ ಕರಿಯಲ್ಲಿ ಕಾಳುಮೆಣಸಿನ ಖಾರ, ಕಾಚಂಪುಳಿಯ ಕಡು ಹುಳಿ ಎರಡೂ ಇರುತ್ತವೆ. ಒಗರು ಹೆಚ್ಚಿರುವ, ಮದ್ಯಾಂಶ ಹೆಚ್ಚಿರುವ ಕೆಂಪು ವೈನ್ ಖಾರವನ್ನು ಇನ್ನಷ್ಟು ಉರಿಸುತ್ತದೆ. ಹುಳಿಗೆ ಹುಳಿಯೇ ಜೋಡಿ. ಸ್ಯಾಂಜೊವೇಸೆ ದ್ರಾಕ್ಷಿಯ ಕೆಂಪು ವೈನ್ ಇದ್ದರೆ ಅದನ್ನು ಕೇಳಿ, ನಮ್ಮ ಹಂಪಿಯ ಕಡೆಯೂ ಆ ದ್ರಾಕ್ಷಿ ಬೆಳೆಯುತ್ತಾರೆ. ಇಲ್ಲವಾದರೆ ತಣ್ಣಗಿನ ರೋಸೆ, ಅಂದರೆ ಗುಲಾಬಿ ಬಣ್ಣದ ವೈನ್. ಖಾರ ತಡೆಯದವರಿಗೆ ತುಸು ಸಿಹಿಯಿರುವ ಶೆನಿನ್ ಬ್ಲಾಂ ಎಂಬ ಬಿಳಿ ವೈನ್ ಹಿತವಾಗುತ್ತದೆ.

ದೊಡ್ಡಬಳ್ಳಾಪುರದಿಂದ: ನಮ್ಮದು ದ್ರಾಕ್ಷಿ ತೋಟದ ಮನೆ. ಪಟ್ಟಿಯ ಕೊನೆಯಲ್ಲಿ ‘ಪೋರ್ಟ್’ ಎಂಬ ಸಿಹಿ ವೈನ್ ಇದ್ದರೆ ಅದನ್ನು ಪೋರ್ಚುಗಲ್‌ನದೆಂದು ತಿಳಿಯಬೇಡಿ. ಇಲ್ಲಿ ಅದು ಹೆಚ್ಚಾಗಿ ಬೆಂಗಳೂರು ನೀಲಿ ದ್ರಾಕ್ಷಿಯಿಂದ ಆಗುತ್ತದೆ. ಬೆಲೆ ಕಡಿಮೆ, ಘಮ ಗಾಢ. ಹಿರಿಯರಿಗೆ ಇಷ್ಟವಾದರೆ ಊಟದ ಕೊನೆಗೆ ಸಣ್ಣ ಲೋಟದಲ್ಲಿ ಕೊಡಿ.

ಬೆಂಗಳೂರಿನಿಂದ: ಪಟ್ಟಿಯ ಬೆಲೆಗೆ ತೆರಿಗೆ ಸೇರಿದೆಯೇ ಎಂದು ಬರಹದಲ್ಲಿ ಕೇಳಿ. ಮದ್ಯ ಜಿಎಸ್‌ಟಿಯ ವ್ಯಾಪ್ತಿಗೆ ಬರುವುದಿಲ್ಲ, ಊಟದ ಬಿಲ್ಲಿನ ಲೆಕ್ಕವೇ ಬೇರೆ. ಸ್ವಂತ ಬಾಟಲಿ ತರಲು ಒಪ್ಪುತ್ತಾರೆಯೇ, ತೆರೆದು ಬಡಿಸಲು ಎಷ್ಟು ಶುಲ್ಕ ಎಂಬುದನ್ನೂ ಮೊದಲೇ ಇತ್ಯರ್ಥ ಮಾಡಿಕೊಳ್ಳಿ. ನಿಮಗೆ ಬೇಕಾದ ವೈನಿನ ಎಷ್ಟು ಬಾಟಲಿಗಳು ಈಗ ಕೈಯಲ್ಲಿವೆ ಎಂದೂ ಕೇಳಿ. ಪಟ್ಟಿಯಲ್ಲಿ ಇರುವುದೆಲ್ಲ ಉಗ್ರಾಣದಲ್ಲಿ ಇರುವುದಿಲ್ಲ.