ಪದಚರ್ಚೆ: ಹೆಗಲ ಹಲಗೆಯನ್ನು ಅಗಲಿಸುವುದೋ, ಹರಡುವುದೋ?

ಸೋಮವಾರಪೇಟೆ ಕಡೆಯ ತೋಟದಿಂದ ಬರೆಯುತ್ತಿದ್ದೇನೆ. ಪ್ರಶ್ನೆ ಒಂದು ಮೂಳೆಯದು. ಬೆನ್ನಿನ ಮೇಲ್ಭಾಗದಲ್ಲಿ ಎಡಕ್ಕೊಂದು ಬಲಕ್ಕೊಂದು ಚಪ್ಪಟೆ ಮುಮ್ಮೂಲೆ ಮೂಳೆ ಇದೆಯಲ್ಲ, ಅದಕ್ಕೆ ನಿಮ್ಮ ಕಡೆ ಏನನ್ನುತ್ತೀರಿ? ಅದು ಮೇಲೆ, ಕೆಳಗೆ, ಆಚೆ, ಈಚೆ ಸರಿಯುವುದಕ್ಕೆ ಯಾವ ಕ್ರಿಯಾಪದ ಬಳಸುತ್ತೀರಿ?

ಕಾಫಿ ಕೊಯ್ಲು ಮುಗಿದು ಕಣ ಖಾಲಿಯಾದ ಮೇಲೆ ಸಂಜೆ ಅಕ್ಕನ ಮಗ ಅಲ್ಲೇ ಕಸರತ್ತು ಮಾಡುತ್ತಾನೆ. ಚಿಕ್ಕಂದಿನಲ್ಲಿ ಸ್ವಲ್ಪ ಜಿಮ್ನಾಸ್ಟಿಕ್ಸ್ ಕಲಿತ ತಪ್ಪಿಗೆ ನಾನೇ ಗುರು. ಹುಡುಗನಿಗೆ ಪ್ಲಾಂಚ್ ಹುಚ್ಚು. ಅಂದರೆ ಅಂಗೈ ಊರಿ, ಮೊಣಕೈ ಮಡಿಸದೆ, ಇಡೀ ಮೈಯನ್ನು ನೆಲಕ್ಕೆ ಸಮವಾಗಿ ಗಾಳಿಯಲ್ಲಿ ಹಿಡಿಯುವುದು. ಮಯೂರಾಸನ ಅಲ್ಲ, ಅದರಲ್ಲಿ ಹೊಟ್ಟೆಗೆ ಮೊಣಕೈಯ ಆಸರೆ ಇರುತ್ತದೆ. ಇಲ್ಲಿ ಆ ಎರಡು ಮೂಳೆಗಳು ಬೆನ್ನುಮೂಳೆಯಿಂದ ದೂರ ಸರಿದು ಪಕ್ಕೆಯ ಕಡೆ ಹೋಗಬೇಕು. ಜೊತೆಗೆ ಕಿವಿಯಿಂದ ಕೆಳಗೂ ಇಳಿದಿರಬೇಕು.

"ಭುಜ ಮುಂದೆ ತಗೊಳ್ಳೋ" ಅಂದೆ. ಇಡೀ ಮೈ ಮುಂದಕ್ಕೆ ವಾಲಿಸಿ ಮೂಗು ಜಜ್ಜಿಕೊಂಡ. "ಭುಜ ತಗ್ಗಿಸು" ಅಂದೆ. ತಲೆ ತಗ್ಗಿಸಿದ! "ಮಾವ, ನೀವು ಸರಿಯಾಗಿ ಹೇಳಿ" ಅಂತ ನನಗೇ ಬೈಗುಳ. ಅವನದೇನೂ ತಪ್ಪಿಲ್ಲ. ನಾವು ತಗ್ಗಿಸುವುದು ತಲೆಯನ್ನು, ದನಿಯನ್ನು. ಭುಜವನ್ನು ಯಾರು ತಗ್ಗಿಸುತ್ತಾರೆ? ಮೇಲಾಗಿ ಶಾಲೆಯ ಡ್ರಿಲ್ಲಿನಲ್ಲಿ "ಎದೆ ಮುಂದೆ, ಭುಜ ಹಿಂದೆ" ಅಂತ ಕಲಿಸಿರುತ್ತಾರೆ. ಪ್ಲಾಂಚಿಗೆ ಬೇಕಾದದ್ದು ಪೂರ್ತಿ ಅದರ ಉಲ್ಟಾ.

ಮೊದಲು ಮೂಳೆಯ ಹೆಸರು. ಆಯುರ್ವೇದದಲ್ಲಿ ಅಂಸಫಲಕ ಎನ್ನುತ್ತಾರೆ. ಕಣದಲ್ಲಿ ಹಾಗಂದರೆ ಹುಡುಗರು ಓಡಿಹೋಗುತ್ತಾರೆ. ಅಂಸ ಅಂದರೆ ಹೆಗಲು, ಫಲಕ ಅಂದರೆ ಹಲಗೆ. ಹಾಗಾಗಿ ನಾನು ಹೆಗಲ ಹಲಗೆ ಅನ್ನುತ್ತಿದ್ದೇನೆ. ಹಳಗನ್ನಡದ ಪೆಗಲ್, ಪಲಗೆ ಎರಡೂ ಪಾಲ್ ಹಾಲಾದ ಹಾಗೆ ಹಕಾರಕ್ಕೆ ತಿರುಗಿದವು. ಜೋಡಿ ಚೆನ್ನಾಗಿ ಕೂರುತ್ತದೆ ಅಲ್ವಾ? ಮೊಣಕಾಲ ಚಿಪ್ಪು ಇರುವಾಗ ಹೆಗಲ ಚಿಪ್ಪು ಯಾಕಾಗಬಾರದು ಅಂತಲೂ ಯೋಚಿಸಿದೆ. ಆದರೆ ಚಿಪ್ಪು ಕೂತಲ್ಲೇ ಕೂರುವ ವಸ್ತು ಅನ್ನಿಸುತ್ತದೆ. ಇದು ಪಕ್ಕೆಲುಬುಗಳ ಮೇಲೆ ಜಾರುವ ಮೂಳೆ. ನಮ್ಮ ತೋಟದಲ್ಲಿ ಚೀಲ ಹೊರುವವರೊಬ್ಬರು ಅದನ್ನು ಸುಮ್ನೆ "ರೆಕ್ಕೆ" ಅಂದರು. ಅದು ನನಗೆ ಹಲಗೆಗಿಂತ ಜಾಸ್ತಿ ಹಿಡಿಸಿತು.

ಇನ್ನು ಕ್ರಿಯಾಪದ. "ಅಗಲಿಸು" ವ್ಯಾಕರಣಕ್ಕೆ ಸರಿ. ಆದರೆ "ನಮ್ಮನ್ನು ಅಗಲಿದ" ಅಂತ ದಿನಾ ಪೇಪರಿನಲ್ಲಿ ಓದುವವರಿಗೆ ಯಾಕೋ ಅಪಶಕುನ. "ಹರಡು" ಅಂದರೆ ಕಣದಲ್ಲಿ ಕಾಫಿ ಹರಡಿದಂತೆ ಕೇಳಿಸುತ್ತದೆ. ಕೊನೆಗೆ ಕೆಲಸ ಮಾಡಿದ್ದು ಗೊರಬೆ. ನಾಟಿ ಗದ್ದೆಯಲ್ಲಿ ಮಳೆಗೆ ಬೆನ್ನಿಗೆ ಹಾಕಿಕೊಳ್ಳುತ್ತಿದ್ದರಲ್ಲ, ಆ ಗೊರಬೆ. ಅಟ್ಟದಿಂದ ಇಳಿಸಿ, ಧೂಳು ಕೊಡವಿ, ಅವನ ಬೆನ್ನ ಮೇಲಿಟ್ಟೆ. "ಇದರ ಒಳಮೈಗೆ ನಿನ್ನ ಬೆನ್ನು ತಾಗಬೇಕು, ಕೈಯಿಂದ ನೆಲ ಒತ್ತು" ಅಂದೆ. ಬೆನ್ನು ಉಬ್ಬಿತು, ರೆಕ್ಕೆಗಳು ಎರಡೂ ಕಡೆ ಸರಿದವು. ಈಗ "ಗೊರಬೆ ಮಾಡು" ಅಂದರೆ ಸಾಕು.

ಹ್ಯಾಂಡ್‌ಸ್ಟ್ಯಾಂಡಿನ ಮಾತು ಬೇರೆ. ಅಲ್ಲಿ ಹಲಗೆಗಳು ಕಿವಿಯ ಕಡೆಗೆ ಏರಬೇಕು. ಅದಕ್ಕೆ ಪದ ಮೊದಲೇ ಇತ್ತು: "ಹೆಗಲು ಕೊಡು". 50 ಕೆಜಿ ಚೀಲ ಬರುವಾಗ ಹೊರುವವರು ಹೆಗಲನ್ನು ಹೇಗೆ ಎತ್ತಿ ಕೊಡುತ್ತಾರೋ ಹಾಗೆ. ತಲೆಕೆಳಗಾಗಿ ನಿಂತವನಿಗೆ "ಭೂಮಿಗೆ ಹೆಗಲು ಕೊಡು" ಅಂದೆ, ತಕ್ಷಣ ಉದ್ದವಾದ. ಎಲ್-ಸಿಟ್‌ಗೆ, ಅಂದರೆ ಅಂಗೈ ಊರಿ, ಕಾಲು ಮುಂದಕ್ಕೆ ನೀಟಾಗಿ ಚಾಚಿ, ಕೂತ ಭಂಗಿಯಲ್ಲೇ ಮೈ ಎತ್ತಿ ಹಿಡಿಯುವುದಕ್ಕೆ, "ಕತ್ತು ಉದ್ದ ಮಾಡು" ಅಂದರೆ ಹಲಗೆ ತಾನಾಗಿ ಇಳಿಯುತ್ತದೆ.

ಸಿಕ್ಕಿಕೊಂಡಿರುವುದು ಫ್ರಂಟ್ ಲಿವರ್‌ನಲ್ಲಿ. ಸರಳು ಹಿಡಿದು ಅಂಗಾತ ತೇಲುವ ಭಂಗಿ ಅದು. ಹಲಗೆಗಳನ್ನು ಕೆಳಕ್ಕೂ ಹಿಂದಕ್ಕೂ ಒಟ್ಟಿಗೆ ಎಳೆದು ಹಿಡಿಯಬೇಕು. "ಕೂಡಿಸು" ಅಂದರೆ ಹಿಂದಕ್ಕೆ ಮಾತ್ರ ಎಳೆಯುತ್ತಾನೆ, ಭುಜ ಕಿವಿಗೆ ಹೋಗುತ್ತದೆ. "ಜಗ್ಗು" ಅಂದರೆ ಮೊಣಕೈ ಮಡಿಸುತ್ತಾನೆ. "ಬಿಗಿ" ಅಂದರೆ ಮುಖವೂ ಬಿಗಿಯುತ್ತದೆ. ಎರಡೂ ಚಲನೆ ಒಂದೇ ಮಾತಿನಲ್ಲಿ ಬರುವ ಪದ, ಗರಡಿ ಮನೆಯದೋ ನೇಗಿಲಿನದೋ, ನಿಮ್ಮ ಊರಿನಲ್ಲಿ ಇದ್ದರೆ ತಿಳಿಸಿ. ಗೊರಬೆಯಂಥ ವಸ್ತುವಿನ ಹೆಸರಾದರೂ ನಡೆಯುತ್ತದೆ, ಅಟ್ಟದಲ್ಲಿ ಇನ್ನೂ ಬೇಕಾದಷ್ಟು ಸಾಮಾನಿದೆ.