ಘಾಟಿ ಲೇಔಟ್: ಜಲ್ಲಿ ತೇಲುತ್ತಿದೆ, ಬೆಟ್ಟ ಗಣೇಶನ ಮಂಟಪದ ಹಾಗೆ ಕಾಣುತ್ತಿದೆ

ಘಾಟಿ_ಗಾರ್ಡ್:
ಎಲ್ಲರಿಗೂ ನಮಸ್ಕಾರ. 4×2 ಅಡಿ ಪ್ಲೈವುಡ್ ಮೇಲೆ, ಎಚ್‌ಓ ಸ್ಕೇಲ್‌ನಲ್ಲಿ, ಅಂದರೆ ನಿಜದ 87ರಲ್ಲಿ ಒಂದು ಪಾಲು ಅಳತೆಯಲ್ಲಿ, ಸಕಲೇಶಪುರ–ಸುಬ್ರಹ್ಮಣ್ಯ ರೈಲು ಘಾಟಿಯ ಒಂದು ತುಣುಕನ್ನು ಓಡುವ ಮಾದರಿ ರೈಲಿನ ಜೊತೆ ಮಾಡುತ್ತಿದ್ದೇನೆ. ಎಡಕುಮೇರಿ ಕಡೆಯ ನೋಟ: ಒಂದು ಸುರಂಗ, ಹೊರಗೆ ಬಂದ ಕೂಡಲೇ ಸೇತುವೆ, ಕೆಳಗೆ ಹಳ್ಳ. ಅಲ್ಲಿರುವ 57 ಸುರಂಗಗಳಲ್ಲಿ ಒಂದಾದರೂ ನನ್ನ ರೂಮಿನಲ್ಲಿ ಇರಲಿ ಅಂತ ಆಸೆ.

ಥರ್ಮಾಕೋಲ್ ಕೆತ್ತಿ, ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೆತ್ತಿ, ಹಸಿರು ಬಣ್ಣದ ಮರದ ಹೊಟ್ಟು ಉದುರಿಸಿದೆ. ನೋಡಿದರೆ ಘಾಟಿ ಅಲ್ಲ, ಚೌತಿಯ ಮಂಟಪ! ಹಳಿಗೆ ಜಲ್ಲಿ ಹಾಸಿ ನೀರು ಬೆರೆಸಿದ ಬಿಳಿ ಅಂಟು ಬಿಟ್ಟರೆ, ಅದು ಗುಂಡು ಹನಿಯಾಗಿ ನಿಂತು ಜಲ್ಲಿಯನ್ನೇ ಎತ್ತಿಕೊಂಡು ಹೋಗುತ್ತದೆ. ಒಣಗಿದ ಮೇಲೆ ಮೇಲ್ಗಡೆ ಸಿಪ್ಪೆ, ಒಳಗೆ ಪುಡಿ. ರೈಲು ಹಳಿ ಬದಲಿಸುವ ಪಾಯಿಂಟ್ ಕೂಡ ಅಂಟಿಕೊಂಡಿದೆ. ಇನ್ನೊಂದು ಕಡೆ ಬಂಡೆಗೆ ಸ್ಪ್ರೇ ಪೇಂಟ್ ಹೊಡೆದೆ, ಪಿಓಪಿ ಇಲ್ಲದ ಜಾಗದಲ್ಲಿ ಥರ್ಮಾಕೋಲ್ ಕರಗಿ ಗುಳಿ ಬಿತ್ತು. ಎಲ್ಲಿಂದ ಶುರು ಮಾಡಲಿ?

ಜಲ್ಲಿ_ಜೋಕೆ:
ಸ್ಪ್ರೇ ಪೇಂಟ್‌ನಲ್ಲಿರುವ ಸಾಲ್ವೆಂಟ್ ಥರ್ಮಾಕೋಲನ್ನು ತಿನ್ನುತ್ತದೆ. ನೀರಿನಲ್ಲಿ ಕಲಸುವ ಅಕ್ರಿಲಿಕ್ ಮಾತ್ರ ಬಳಸಿ. ಗುಳಿ ಬಿದ್ದ ಜಾಗ ಹಾಗೇ ಇರಲಿ, ಪಿಓಪಿ ತುಂಬಿದರೆ ಒಳ್ಳೆ ಬಂಡೆ ಆಗುತ್ತದೆ.

ಜಲ್ಲಿ ವಿಷಯಕ್ಕೆ ಬರೋಣ. ತಪ್ಪು ಅಂಟಿನದಲ್ಲ. ಒಣಗಿದ ಪುಡಿಯ ಮೇಲೆ ನೀರು ಇಳಿಯುವುದಿಲ್ಲ, ಉರುಳುತ್ತದೆ. ಮೊದಲು ಜಲ್ಲಿಯನ್ನೇ ಒದ್ದೆ ಮಾಡಿ. ಐಸೋಪ್ರೊಪೈಲ್ ಆಲ್ಕೋಹಾಲ್‌ಗೆ ಅಷ್ಟೇ ನೀರು ಸೇರಿಸಿ, ಮಂಜಿನ ಹಾಗೆ ಬೀಳುವ ಸ್ಪ್ರೇ ಬಾಟಲಿಯಿಂದ ಸ್ವಲ್ಪ ಎತ್ತರದಿಂದ ಹೊಡೆಯಿರಿ. ಹತ್ತಿರದಿಂದ ಹೊಡೆದರೆ ಜಲ್ಲಿ ಹಾರುತ್ತದೆ. ಕಿಟಕಿ ತೆರೆದಿರಲಿ, ಹತ್ತಿರ ಬೆಂಕಿ ಬೇಡ. ಆಮೇಲೆ ಒಂದು ಪಾಲು ಅಂಟು, ಒಂದು ಪಾಲು ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿ. ಡ್ರಾಪರ್‌ನಿಂದ ಹಳಿಗಳ ನಡುವೆ ಬಿಟ್ಟರೆ ಅದೇ ಹೀರಿಕೊಳ್ಳುತ್ತದೆ. ರಾತ್ರಿಯಿಡೀ ಮುಟ್ಟಬೇಡಿ. ಮಳೆಗಾಲ ಆದರೆ ಇನ್ನೊಂದು ದಿನ ಬಿಡಿ.

ಅಂಟಿಕೊಂಡ ಪಾಯಿಂಟ್‌ಗೆ ಬಿಸಿನೀರಲ್ಲಿ ಅದ್ದಿದ ಬ್ರಷ್ ಸಾಕು, ಬಿಳಿ ಅಂಟು ಮೆತ್ತಗಾಗುತ್ತದೆ. ಮುಂದಿನ ಸಲ ಅಲುಗುವ ಭಾಗಕ್ಕೆ ಮೊದಲೇ ಒಂದು ಹನಿ ಎಣ್ಣೆ ಸವರಿ, ಅಲ್ಲಿ ಜಲ್ಲಿ ಕಮ್ಮಿ ಹಾಕಿ.

ಅಂದ ಹಾಗೆ, ಜಲ್ಲಿ ಯಾವ ಸೈಜು? ನಮ್ಮ ರೈಲ್ವೆ ಜಲ್ಲಿ ಹೆಚ್ಚುಕಮ್ಮಿ 20ರಿಂದ 65 ಮಿ.ಮೀ. ಅದನ್ನು 87ರಿಂದ ಭಾಗಿಸಿದರೆ ದೊಡ್ಡ ಕಲ್ಲೂ 1 ಮಿ.ಮೀ. ಒಳಗೇ ಬರುತ್ತದೆ. ಅಕ್ವೇರಿಯಂ ಕಲ್ಲು ಹಾಕಿದ್ದರೆ ನಿಮ್ಮ ಹಳಿ ಬಂಡೆಗಳ ಮೇಲೆ ಕೂತಿದೆ. ಎಂ-ಸ್ಯಾಂಡ್ ತಂದು ಎರಡು ಜರಡಿ ಹಿಡಿಯಿರಿ: ದಪ್ಪದ್ದೂ ಬೇಡ, ಧೂಳೂ ಬೇಡ, ನಡುವಿನದು ಸಾಕು.

ಮಲೆನಾಡ್_ಮಿನಿ:
ಬೆಟ್ಟದ ವಿಷಯ ನಾನು ಹೇಳುತ್ತೇನೆ. ಫೋಟೋ ನೋಡಿದೆ. ಮರಗಳು 5 ಸೆಂ.ಮೀ. ಇವೆ ಅಲ್ವಾ? ಲೆಕ್ಕ ಹಾಕಿ: ನಾಲ್ಕೂವರೆ ಮೀಟರ್ ಕೂಡ ಆಗಲ್ಲ, ಕಾಫಿ ತೋಟದ ಪಕ್ಕದ ಪೊದೆ ಅಷ್ಟೇ. ಘಾಟಿಯ ಮರ 30 ಮೀಟರ್ ಇರುತ್ತದೆ, ಎಚ್‌ಓದಲ್ಲಿ ಸುಮಾರು 34 ಸೆಂ.ಮೀ. ಅಷ್ಟು ಎತ್ತರ ಇಟ್ಟರೆ ರೈಲೇ ಕಾಣಲ್ಲ, ನಿಜ. ಆದರೆ ಮುಂದೆ ಮೂರು ನಾಲ್ಕು ಮರ 15 ಸೆಂ.ಮೀ. ದಾಟಲಿ. ಹಿಂದೆ ಹೋದ ಹಾಗೆ ಚಿಕ್ಕದು ಮಾಡಿ. ತುದಿಯಲ್ಲಿ ಕಾಂಡವೇ ಬೇಡ, ಬರೀ ಎಲೆಯ ಉಂಡೆ ಒತ್ತೊತ್ತಾಗಿ ಅಂಟಿಸಿ.

ಕಾಂಡಕ್ಕೆ ಹಳೇ ವೈರಿನ ತಾಮ್ರದ ಎಳೆ ತಿರುಚಿ. ಅಡಿಕೆ ಕೊಯ್ದ ಮೇಲೆ ಉಳಿಯುವ ಗೊನೆಯ ಕಡ್ಡಿಯೂ ಚೆನ್ನಾಗಿರುತ್ತದೆ, ಪೂರ್ತಿ ಒಣಗಿಸಿ ವಾರ್ನಿಷ್ ಕೊಡಬೇಕು, ಇಲ್ಲದಿದ್ದರೆ ಬೂಸ್ಟು. ಎಲೆಗೆ ಹಳೇ ಸ್ಪಂಜನ್ನು ನೀರು ಹಾಕಿ ಮಿಕ್ಸಿಯಲ್ಲಿ ಪುಡಿ ಮಾಡಿ ಬಣ್ಣ ಹಾಕಿ. ಅಡುಗೆಮನೆ ಮಿಕ್ಸಿ ಮುಟ್ಟಬೇಡಿ, ಲೇಔಟ್ ಜೊತೆ ನಿಮ್ಮನ್ನೂ ಹೊರಗೆ ಹಾಕುತ್ತಾರೆ.

ಬಣ್ಣ: ಡಬ್ಬಿಯ ಹಸಿರು ನೇರವಾಗಿ ಯಾವತ್ತೂ ಬೇಡ. ಸ್ವಲ್ಪ ಕಂದು ಸೇರಿಸಿ ಸಾಯಿಸಿ. ಕನಿಷ್ಠ ಮೂರು ಹಸಿರು ಇರಲಿ, ಬುಡದಲ್ಲಿ ಕಡುಬಣ್ಣ, ನೆತ್ತಿಯಲ್ಲಿ ತಿಳಿ. ಪಿಓಪಿ ಕಲಸುವಾಗಲೇ ರೆಡ್ ಆಕ್ಸೈಡ್ ಪುಡಿ ಹಾಕಿಬಿಡಿ. ಚಕ್ಕೆ ಎದ್ದರೂ ಬಿಳಿ ಕಾಣದೆ ಮಣ್ಣೇ ಕಾಣುತ್ತದೆ.

ಮಳೆಗಾಲ_ಮೇಲ್:
ಸ್ವಲ್ಪ ಜಗಳ ಇದೆ. ಆಗಸ್ಟ್‌ನಲ್ಲಿ ಘಾಟಿ ನೋಡಿದ್ದೀರಾ? ಕಣ್ಣು ಕುಕ್ಕುವ ಹಸಿರು. ಸಾಯಿಸಿದರೆ ಮಾರ್ಚ್ ತಿಂಗಳಾಗುತ್ತದೆ.

ಮಲೆನಾಡ್_ಮಿನಿ:
ಹುಲ್ಲು, ಪಾಚಿ ಕುಕ್ಕಲಿ ಸ್ವಾಮಿ, ಕಾಡು ಕುಕ್ಕಲ್ಲ. ದೂರದ ಬೆಟ್ಟವಂತೂ ಮಳೆಯಲ್ಲಿ ಬೂದು ನೀಲಿಗೆ ತಿರುಗುತ್ತದೆ. ಮಳೆಗಾಲವೇ ಬೇಕಿದ್ದರೆ ಕಟಿಂಗ್‌ನ (ಹಳಿಗಾಗಿ ಬೆಟ್ಟ ಕಡಿದ ಜಾಗದ) ಬಂಡೆಗೆ ಕಪ್ಪು ಬಣ್ಣ ಕೊಟ್ಟು, ನೀರು ಇಳಿಯುವ ಗೆರೆಗೆ ಮಾತ್ರ ಹೊಳಪಿನ ವಾರ್ನಿಷ್ ಎಳೆಯಿರಿ. ಇನ್ನೊಂದು ಮಾತು: ಲೇಔಟ್ ಮೇಲೆ ಉರಿಯುವ ಬಲ್ಬಿನ ಕೆಳಗೇ ಬಣ್ಣ ಕಲಸಿ. ವರಾಂಡದಲ್ಲಿ ಸರಿ ಕಂಡದ್ದು ಎಲ್‌ಇಡಿ ಕೆಳಗೆ ಬೇರೆಯೇ ಕಾಣುತ್ತದೆ.

ಘಾಟಿ_ಗಾರ್ಡ್:
ಜಲ್ಲಿ ಈಗ ಕಲ್ಲಿನ ಹಾಗೆ ಕೂತಿದೆ, ಥ್ಯಾಂಕ್ಸ್! ಆದರೆ ಇಂಜಿನ್ ತಡೆದು ತಡೆದು ಓಡುತ್ತಿದೆ. ಮತ್ತೆ, ಊರಿನ ಕೆಂಪು ಮಣ್ಣನ್ನೇ ಕಟಿಂಗ್‌ಗೆ ಹಾಕಬಹುದಾ?

ಜಲ್ಲಿ_ಜೋಕೆ:
ಹಳಿಯ ನೆತ್ತಿಗೆ ಅಂಟಿನ ಪೊರೆ ಬಂದಿದೆ, ಕರೆಂಟ್ ದಾಟುತ್ತಿಲ್ಲ. ಬಟ್ಟೆಗೆ ಅದೇ ಆಲ್ಕೋಹಾಲ್ ಹಾಕಿ ಒರೆಸಿ. ಇಂಜಿನ್ ಚಕ್ರವನ್ನೂ ನೋಡಿ. ಸ್ಯಾಂಡ್‌ಪೇಪರ್ ಬೇಡ, ಗೀರಿನಲ್ಲಿ ಮತ್ತೆ ಕೊಳೆ ಕೂರುತ್ತದೆ.

ಮಣ್ಣು ಧಾರಾಳವಾಗಿ ಹಾಕಿ, ಅದಕ್ಕಿಂತ ಒಳ್ಳೆ ಬಣ್ಣ ಅಂಗಡಿಯಲ್ಲಿ ಸಿಗಲ್ಲ. ಹಳೇ ಬಾಣಲೆಯಲ್ಲಿ ಚೆನ್ನಾಗಿ ಹುರಿದು, ವಸ್ತ್ರದಲ್ಲಿ ಜರಡಿ ಹಿಡಿಯಿರಿ. ಆಮೇಲೆ ಮರೆಯದೆ ಮ್ಯಾಗ್ನೆಟ್ ಆಡಿಸಿ. ಮಣ್ಣಿನಲ್ಲಿ ಕಬ್ಬಿಣದ ಕಣ ಇದ್ದರೆ ಇಂಜಿನ್ ಮೋಟಾರಿನ ಮ್ಯಾಗ್ನೆಟ್ ಎಳೆದುಕೊಂಡು ಹಾಳಾಗುತ್ತದೆ. ಆಡಿಸುವ ಮ್ಯಾಗ್ನೆಟ್‌ಗೆ ಪ್ಲಾಸ್ಟಿಕ್ ಕವರ್ ಸುತ್ತಿರಿ, ಇಲ್ಲದಿದ್ದರೆ ಆ ಕಪ್ಪು ಪುಡಿ ಬಿಡಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ.